ಪುಷ್ಪಕದಲ್ಲಿ ಎರಡೇ ಆಸನ

ಪುಷ್ಪಕ ವಿಮಾನದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಉಳಿದಿರುತ್ತದೆ ಎಂಬ ಮಾತನ್ನು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೇವೆ. 1958ರ ಸೆಪ್ಟೆಂಬರ್ 28ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ ಪುಷ್ಪಕದಲ್ಲಿ ಮಾತ್ರ ಎರಡೇ ಆಸನಗಳಿದ್ದವು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಈ ಪುಟ್ಟ ವಿಮಾನಕ್ಕೆ ತಲೆಯ ಮೇಲೊಂದು ರೆಕ್ಕೆ, ಮೈಗೆ ಬಟ್ಟೆಯ ಹೊದಿಕೆ, ಮೂಗಿನಲ್ಲಿ 90 ಅಶ್ವಶಕ್ತಿಯ ಎಂಜಿನ್. ಪಕ್ಕಪಕ್ಕದಲ್ಲಿ ಇಬ್ಬರು ಕೂರಬಹುದಿತ್ತು. ಮೂರನೆಯವರು ನೆಲದ ಮೇಲೇ ನಿಂತು ನೋಡಬೇಕಿತ್ತು.

ಸಾಮಾನ್ಯ ಕುಟುಂಬವೊಂದು ಕೊಳ್ಳಬಹುದಾದ, ಹಾರಿಸಲು ಖುಷಿಯೆನಿಸುವ, ಎರಡು ಆಸನಗಳ ಅಗ್ಗದ ವಿಮಾನ ಬೇಕೆಂಬ ಆಸೆಗೆ ಆ ಹೊತ್ತಿಗೆ ಮೂವತ್ತೈದು ವರ್ಷಗಳ ಇತಿಹಾಸವಿತ್ತು. ಅಷ್ಟು ವರ್ಷ ಅನೇಕರು ಅನೇಕ ರೀತಿಯಲ್ಲಿ ಪ್ರಯತ್ನಿಸಿದ್ದರು. ಒಳ್ಳೆಯ ವಿಮಾನಗಳೂ ಬಂದವು. ಆದರೆ ಅವು ಕುಟುಂಬದ ವಾಹನವಾಗಲಿಲ್ಲ. ಯಾಕೆ ಎಂಬುದು ವಿಚಾರ ಮಾಡುವಂಥದ್ದು.

ಮೊದಲನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಹಾರಾಟ ಕಲಿತವರು ಬಹಳ ಮಂದಿ ಇದ್ದರು, ಅವರಿಗೆ ಎಟುಕುವ ವಿಮಾನಗಳಿರಲಿಲ್ಲ. 1923ರಲ್ಲಿ ಕೆಂಟ್ ಪ್ರಾಂತ್ಯದ ಲಿಂಪ್ನ್ ಎಂಬಲ್ಲಿ ಹಗುರ ವಿಮಾನಗಳ ಸ್ಪರ್ಧೆ ನಡೆಯಿತು. ಎಂಜಿನ್ 750 ಸಿಸಿ ಮೀರಬಾರದು ಎಂಬುದು ನಿಯಮ, ಅಂದರೆ ಒಂದು ಮೋಟಾರ್ ಸೈಕಲ್ಲಿನಷ್ಟು. ಒಂದು ಗ್ಯಾಲನ್ ಪೆಟ್ರೋಲಿನಲ್ಲಿ 87.5 ಮೈಲಿ ಹಾರಿದ ವಿಮಾನಗಳು ಅಲ್ಲಿ ಬಹುಮಾನ ಹಂಚಿಕೊಂಡವು. ಕಾಗದದ ಮೇಲೆ ಇದಕ್ಕಿಂತ ಅಗ್ಗದ ಹಾರಾಟ ಇನ್ನೊಂದಿಲ್ಲ. ಆದರೆ ಸ್ವಲ್ಪ ಎದುರುಗಾಳಿ ಬೀಸಿದರೆ ಅವು ತಿಣುಕುತ್ತಿದ್ದವು. ಮರುವರ್ಷ ಎರಡು ಆಸನದ ವಿಮಾನಗಳಿಗೆ 1100 ಸಿಸಿಯ ಮಿತಿ ಇಟ್ಟು ಮತ್ತೆ ಸ್ಪರ್ಧೆ ನಡೆಸಿದರು. ಈ ಸಲ ಜೆಫ್ರಿ ಡಿ ಹ್ಯಾವಿಲೆಂಡ್ ಎಂಬ ವಿನ್ಯಾಸಕಾರ ಅದರಲ್ಲಿ ಭಾಗವಹಿಸಲೇ ಇಲ್ಲ. ಇಬ್ಬರನ್ನು ಹೊತ್ತು ನೆಮ್ಮದಿಯಿಂದ ಹಾರಲು ಅಷ್ಟು ಸಣ್ಣ ಎಂಜಿನ್ ಸಾಲದು ಎಂಬುದು ಆತನ ಲೆಕ್ಕ.

ಹಾಗಾದರೆ ಸಾಕಷ್ಟು ಶಕ್ತಿಯ ಎಂಜಿನ್ ಅಗ್ಗಕ್ಕೆ ಸಿಗುವುದು ಎಲ್ಲಿ? ಉತ್ತರ ಯುದ್ಧದ ಗುಜರಿಯಲ್ಲಿತ್ತು. ಯುದ್ಧಕ್ಕಾಗಿ ತಯಾರಾಗಿ ಉಳಿದಿದ್ದ ಎಂಟು ಸಿಲಿಂಡರುಗಳ ರೆನೋ ಎಂಜಿನ್ನುಗಳು ರಾಶಿ ಬಿದ್ದಿದ್ದವು. ಫ್ರಾಂಕ್ ಹಾಲ್ಫರ್ಡ್ ಎಂಬ ಎಂಜಿನಿಯರ್ ಅದರ ಎರಡು ಸಾಲುಗಳಲ್ಲಿ ಒಂದನ್ನು ಮಾತ್ರ ಬಳಸಿ, ನಾಲ್ಕು ಸಿಲಿಂಡರುಗಳ 60 ಅಶ್ವಶಕ್ತಿಯ ಎಂಜಿನ್ ಮಾಡಿಕೊಟ್ಟ. ಸಿರಸ್ ಎಂದು ಹೆಸರಾದ ಆ ಅರ್ಧ ಎಂಜಿನ್ನಿನ ಸುತ್ತ ಡಿ ಹ್ಯಾವಿಲೆಂಡ್ ಕಟ್ಟಿದ ವಿಮಾನ 1925ರ ಫೆಬ್ರವರಿ 22ರಂದು ಹಾರಿತು. ಪತಂಗಗಳ ಹುಚ್ಚಿದ್ದ ಆತ ಅದಕ್ಕೆ 'ಮಾತ್', ಅಂದರೆ ಪತಂಗ, ಎಂದೇ ಹೆಸರಿಟ್ಟ. ಪತಂಗದ ಹಾಗೆ ಅದರ ರೆಕ್ಕೆಗಳನ್ನು ಹಿಂದಕ್ಕೆ ಮಡಚಬಹುದಿತ್ತು. ಮಡಚಿದರೆ ಅಗಲ ಸುಮಾರು 10 ಅಡಿ. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಿ ಶೆಡ್ಡಿನಲ್ಲಿ ನಿಲ್ಲಿಸಬಹುದು. ವಿಮಾನ ಕೊಳ್ಳುವವನ ನಿಜವಾದ ಖರ್ಚು ಕೊಂಡ ದಿನಕ್ಕೆ ಮುಗಿಯುವುದಿಲ್ಲ, ಅದನ್ನು ನಿಲ್ಲಿಸುವ ಜಾಗದಿಂದ ಶುರುವಾಗುತ್ತದೆ ಎಂಬುದು ಆತನಿಗೆ ಗೊತ್ತಿತ್ತು.

ಗುಜರಿಯ ದಾಸ್ತಾನು ಕರಗುತ್ತ ಬಂದಾಗ ಡಿ ಹ್ಯಾವಿಲೆಂಡ್ ಕಂಪನಿಯೇ ಜಿಪ್ಸಿ ಎಂಬ ಎಂಜಿನ್ ತಯಾರಿಸಿತು. ಹೀಗೆ ಬಂದ ಜಿಪ್ಸಿ ಮಾತ್‌ನ ಬೆಲೆ ಸುಮಾರು 650 ಪೌಂಡ್. ಶ್ರೀಮಂತರಿಗೆ ಇದು ಅಗ್ಗ, ಗುಮಾಸ್ತರಿಗೆ ಅಲ್ಲ. ಅದನ್ನು ಗುಮಾಸ್ತರ ಬಳಿಗೂ ತಂದದ್ದು ಬ್ರಿಟಿಷ್ ಸರ್ಕಾರದ ಒಂದು ನಿರ್ಧಾರ. 1925ರಲ್ಲಿ ಐದು ಹಗುರ ವಿಮಾನ ಕ್ಲಬ್‌ಗಳಿಗೆ ಸಹಾಯಧನ ಕೊಡಲು ಅದು ಒಪ್ಪಿತು. ಲಂಡನ್ನಿನ ವಕೀಲರ ಕಚೇರಿಯೊಂದರಲ್ಲಿ ಕಾರ್ಯದರ್ಶಿಯಾಗಿದ್ದ ಏಮಿ ಜಾನ್ಸನ್ ಹಾರಾಟ ಕಲಿತದ್ದು ಇಂಥ ಒಂದು ಕ್ಲಬ್ಬಿನಲ್ಲಿ. 1930ರ ಮೇ ತಿಂಗಳಲ್ಲಿ ಆಕೆ ಒಬ್ಬಳೇ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹಾರಿದ್ದು 600 ಪೌಂಡಿಗೆ ಕೊಂಡ ಹಳೆಯ ಜಿಪ್ಸಿ ಮಾತ್‌ನಲ್ಲಿ. ಹಣ ಕೊಟ್ಟವರಲ್ಲಿ ಒಬ್ಬರು ಲಾರ್ಡ್ ವೇಕ್‌ಫೀಲ್ಡ್, ಇನ್ನೊಬ್ಬರು ಮೀನು ವ್ಯಾಪಾರಿಯಾಗಿದ್ದ ಆಕೆಯ ತಂದೆ. ತಂದೆಯ ವ್ಯಾಪಾರದ ಗುರುತಾಗಿದ್ದ 'ಜೇಸನ್' ಎಂಬ ಹೆಸರನ್ನೇ ಆಕೆ ವಿಮಾನಕ್ಕಿಟ್ಟಳು. ಎರಡನೆಯ ಆಸನದ ಜಾಗದಲ್ಲಿ ಇದ್ದದ್ದು ಪೆಟ್ರೋಲ್ ಟ್ಯಾಂಕ್. ಕುಟುಂಬ ಅವಳ ಜೊತೆ ಹೋದದ್ದು ಹೆಸರಿನ ರೂಪದಲ್ಲಿ ಮಾತ್ರ.

ಅದೇ ಹೊತ್ತಿಗೆ ಭಾರತ ಮತ್ತು ಇಂಗ್ಲೆಂಡ್ ನಡುವೆ ಒಬ್ಬಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನ್ ಬಹುಮಾನ ಘೋಷಿಸಿದ್ದರು. ಸ್ಪರ್ಧೆಗಿಳಿದ ಮನಮೋಹನ ಸಿಂಗ್, ಆಸ್ಪಿ ಎಂಜಿನಿಯರ್, ಜೆ. ಆರ್. ಡಿ. ಟಾಟಾ ಮೂವರ ಕೈಯಲ್ಲಿದ್ದದ್ದೂ ಜಿಪ್ಸಿ ಮಾತ್. ಈಜಿಪ್ಟಿನ ಅಬೂಕಿರ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದೆ ನಿಂತಿದ್ದ ಆಸ್ಪಿಗೆ ಎದುರಿನಿಂದ ಬಂದ ಟಾಟಾ ತಮ್ಮಲ್ಲಿದ್ದ ಪ್ಲಗ್‌ಗಳನ್ನು ಕೊಟ್ಟರು. ಬಹುಮಾನ ಆಸ್ಪಿಯ ಪಾಲಾಯಿತು.

ಅಮೆರಿಕದ ಹಾದಿ ಬೇರೆ. ಅಲ್ಲಿ ಹೆನ್ರಿ ಫೋರ್ಡ್ ಕಾರನ್ನು ಮನೆಮನೆಗೆ ತಲುಪಿಸಿದ್ದ. ವಿಮಾನ ಯಾಕಾಗಬಾರದು ಎಂಬ ಪ್ರಶ್ನೆ ಸಹಜವಾಗಿತ್ತು. 1933ರಲ್ಲಿ ಸರ್ಕಾರದ ವಿಮಾನಯಾನ ವಿಭಾಗದ ಮುಖ್ಯಸ್ಥ ಯೂಜೀನ್ ವಿಡಾಲ್, 700 ಡಾಲರಿಗೆ ಒಂದು ವಿಮಾನ ಸಿಗುವಂತಾಗಬೇಕು ಎಂದು ಸಾರಿದ. ಅಂದರೆ ಒಂದು ಕಾರಿನ ಬೆಲೆ. ಅದನ್ನು ಹಾರಿಸುವುದು ಎಷ್ಟು ಸುಲಭ ಎಂದು ತೋರಿಸಲು 1936ರಲ್ಲಿ ಹತ್ತು ವರ್ಷದ ಮಗನನ್ನೇ ಹ್ಯಾಮಂಡ್ ವಿಮಾನದ ಚುಕ್ಕಾಣಿಗೆ ಕೂರಿಸಿ, ವಾರ್ತಾಚಿತ್ರದವರನ್ನು ಕರೆಸಿದ. ಆ ಹುಡುಗ ಮುಂದೆ ಕಾದಂಬರಿಕಾರನಾಗಿ ಹೆಸರಾದ ಗೋರ್ ವಿಡಾಲ್. ಹುಡುಗ ವಿಮಾನವನ್ನು ಹಾರಿಸಿ ಇಳಿಸಿಯೂ ಬಿಟ್ಟ. 700 ಡಾಲರಿನ ವಿಮಾನ ಮಾತ್ರ ಕೊನೆಗೂ ಬರಲಿಲ್ಲ.

ಸರ್ಕಾರಕ್ಕೆ ಸಾಧ್ಯವಾಗದ್ದರ ಹತ್ತಿರಕ್ಕೆ ಬಂದದ್ದು ಪೆನ್ಸಿಲ್ವೇನಿಯಾದ ಒಬ್ಬ ಎಣ್ಣೆ ವ್ಯಾಪಾರಿ. ವಿಲಿಯಂ ಪೈಪರ್ ದಿವಾಳಿಯೆದ್ದ ಟೇಲರ್ ವಿಮಾನ ಕಂಪನಿಯ ಆಸ್ತಿಯನ್ನು 761 ಡಾಲರಿಗೆ ಕೊಂಡಿದ್ದ. ಅವನ ಹಳದಿ ಬಣ್ಣದ ಕಬ್ ವಿಮಾನ 1938ರ ಹೊತ್ತಿಗೆ ಒಂದು ಸಾವಿರದಿಂದ ಸಾವಿರದ ಮುನ್ನೂರು ಡಾಲರಿನ ಆಸುಪಾಸಿನಲ್ಲಿ ಸಿಗುತ್ತಿತ್ತು. ಎರಡು ಆಸನ ಒಂದರ ಹಿಂದೊಂದು. ಒಬ್ಬರೇ ಹಾರಿಸುವಾಗ ತೂಕ ಸರಿಹೊಂದಲು ಹಿಂದೆಯೇ ಕೂರಬೇಕು. ವೇಗ ಕಡಿಮೆ, ಸದ್ದು ಹೆಚ್ಚು. ಹಾರುವಾಗ ಪಕ್ಕದ ಬಾಗಿಲನ್ನು ತೆರೆದಿಟ್ಟು ಕೆಳಗಿನ ಹೊಲಗಳನ್ನು ನೋಡಬಹುದು. ಅದನ್ನು ಪ್ರೀತಿಸಿದವರೆಲ್ಲ ನೆನೆಯುವುದು ಆ ಬಾಗಿಲನ್ನೇ. 1947ರವರೆಗೆ ಸುಮಾರು 20,000 ಕಬ್‌ಗಳು ತಯಾರಾದವು. ಆದರೆ ಅವುಗಳಲ್ಲಿ ದೊಡ್ಡ ಪಾಲು ಹೋದದ್ದು ಮನೆಗಳಿಗಲ್ಲ, ತರಬೇತಿ ಶಾಲೆಗಳಿಗೆ ಮತ್ತು ಸೈನ್ಯಕ್ಕೆ.

ಕುಟುಂಬವನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡಿದವನು ಫ್ರೆಡ್ ವೈಕ್. ಸರ್ಕಾರಿ ಸಂಶೋಧನಾಲಯದ ಈ ಎಂಜಿನಿಯರ್ ಬಿಡುವಿನ ವೇಳೆಯಲ್ಲಿ ಗೆಳೆಯರೊಂದಿಗೆ ಒಂದು ಪ್ರಾಯೋಗಿಕ ವಿಮಾನ ಕಟ್ಟಿದ. ಅದರಿಂದ ಬೆಳೆದದ್ದು ಎರ್ಕೂಪ್. ಅಂದಿನ ಹವ್ಯಾಸಿ ಪೈಲಟ್‌ಗಳನ್ನು ಹೆಚ್ಚು ಬಲಿ ತೆಗೆದುಕೊಳ್ಳುತ್ತಿದ್ದ ಅಪಘಾತಗಳಲ್ಲಿ ಒಂದು, ನಿಧಾನವಾದ ವಿಮಾನ ಹಿಡಿತ ತಪ್ಪಿ ಗಿರಕಿ ಹೊಡೆಯುತ್ತ ಬೀಳುವುದು. ಎರ್ಕೂಪ್ ಹಾಗೆ ಗಿರಕಿ ಹೊಡೆಯಲಾರದು ಎಂದು 1940ರಲ್ಲಿ ಸರ್ಕಾರವೇ ಪ್ರಮಾಣಪತ್ರ ಕೊಟ್ಟಿತು. ಕಾಲಿನ ಪೆಡಲ್‌ಗಳಿಲ್ಲ, ಆಕಾಶದಲ್ಲೂ ನೆಲದಲ್ಲೂ ಕಾರಿನಂತೆ ಸ್ಟಿಯರಿಂಗ್ ತಿರುಗಿಸಿದರೆ ಸಾಕು. ಗಂಡ ಹೆಂಡತಿ ಪಕ್ಕಪಕ್ಕ ಕುಳಿತು ಮಾತಾಡಬಹುದು. 1945ರಲ್ಲಿ ನ್ಯೂಯಾರ್ಕಿನ ಮೇಸೀಸ್ ಅಂಗಡಿಯಲ್ಲಿ ಇದು ಸುಮಾರು 3,000 ಡಾಲರಿಗೆ ಮಾರಾಟಕ್ಕೆ ಬಂತು. ಸೋಫಾ, ಕುಕ್ಕರುಗಳ ಜೊತೆಗೆ ವಿಮಾನ!

ಯುದ್ಧದಿಂದ ಮರಳಿದ ಪೈಲಟ್‌ಗಳೆಲ್ಲ ವಿಮಾನ ಕೊಳ್ಳುತ್ತಾರೆಂದು ಕಂಪನಿಗಳು ನಂಬಿದ್ದವು. 1946ರಲ್ಲಿ ಅಮೆರಿಕ ಸುಮಾರು 35,000 ಖಾಸಗಿ ವಿಮಾನಗಳನ್ನು ತಯಾರಿಸಿತು. 1949ಕ್ಕೆ ಆ ಸಂಖ್ಯೆ ಸುಮಾರು 3,500ಕ್ಕೆ ಇಳಿಯಿತು. ವಿಮಾನಗಳು ಕೆಟ್ಟವಾಗಿರಲಿಲ್ಲ. ಆದರೆ ಯುದ್ಧದಿಂದ ಬಂದವರು ಮದುವೆಯಾದರು, ಮಕ್ಕಳಾದವು. ಮಕ್ಕಳಿಗೆ ಆಸನವಿರಲಿಲ್ಲ. ಮೋಡ ಕವಿದರೆ ಪ್ರವಾಸ ರದ್ದು. ಇಳಿದ ಊರಿನಲ್ಲಿ ನಿಲ್ದಾಣದಿಂದ ಮನೆ ಸೇರಲು ಮತ್ತೆ ಕಾರೇ ಬೇಕು. ವಿಮಾನದ ಬೆಲೆ ಕಾರಿನಷ್ಟೇ ಆದರೂ ಅದು ಕಾರಿನ ಕೆಲಸ ಮಾಡುತ್ತಿರಲಿಲ್ಲ.

ಮತ್ತೆ ಬೆಂಗಳೂರಿಗೆ ಬರೋಣ. ಘಾಟಗೆ ಜರ್ಮನಿಯ ಗಟಿಂಗೆನ್‌ನಲ್ಲಿ ಪ್ರಾಂಟ್ಲ್ ಅವರ ಬಳಿ ಓದಿ ಬಂದವರು. ಅವರ ತಂಡದ ಪುಷ್ಪಕ ನೋಡಲು ಅಮೆರಿಕದ ಎರೋಂಕಾ ಚೀಫ್ ವಿಮಾನವನ್ನು ಹೋಲುತ್ತಿತ್ತು. ಹೊಸತನ ತೋರಿಸುವುದು ಅದರ ಗುರಿಯಾಗಿರಲಿಲ್ಲ. ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ನಮ್ಮಲ್ಲೇ ರಿಪೇರಿ ಮಾಡಬಹುದಾದ, ಹೊಸಬರ ತಪ್ಪುಗಳನ್ನು ಸಹಿಸುವ ಒಂದು ಸರಳ ವಿಮಾನ ಬೇಕಿತ್ತು. ಸುಮಾರು 150 ಪುಷ್ಪಕಗಳು ತಯಾರಾದವು. ಅದನ್ನು ಕುಟುಂಬದ ವಾಹನವೆಂದು ಯಾರೂ ಜಾಹೀರಾತು ಕೊಡಲಿಲ್ಲ. ಸ್ವಂತ ಕಾರೇ ಅಪರೂಪವಾಗಿದ್ದ ದೇಶದಲ್ಲಿ ಆ ಕನಸಿಗೆ ಎಡೆಯಿರಲಿಲ್ಲ. ಅಮೆರಿಕ ನಷ್ಟ ಅನುಭವಿಸಿ ಕಲಿತ ಪಾಠ ನಮಗೆ ಬಡತನದಿಂದಲೇ ಗೊತ್ತಿತ್ತು ಎನ್ನಬಹುದು.

ಆ ಪಾಠದ ಲೆಕ್ಕ ಸರಳ. ಒಬ್ಬನ ವಿಮಾನ ವರ್ಷಕ್ಕೆ 50 ಗಂಟೆ ಹಾರಿದರೆ ಶೆಡ್ಡು, ವಿಮೆ, ತಪಾಸಣೆಯ ಖರ್ಚೆಲ್ಲ ಆ 50 ಗಂಟೆಗಳ ಮೇಲೇ ಬೀಳುತ್ತದೆ. ಅದೇ ವಿಮಾನವನ್ನು ಹತ್ತು ಜನ ಹಂಚಿಕೊಂಡು 500 ಗಂಟೆ ಹಾರಿಸಿದರೆ ಆ ಹೊರೆ ಗಂಟೆಗೆ ಹತ್ತನೇ ಒಂದಾಗುತ್ತದೆ. ಮಾತ್‌ನಿಂದ ಪುಷ್ಪಕದವರೆಗೆ ಹಾರಾಟವನ್ನು ನಿಜವಾಗಿ ಅಗ್ಗ ಮಾಡಿದ್ದು ಯಾವ ಎಂಜಿನ್ನೂ ಅಲ್ಲ, ಈ ಹಂಚಿಕೆ. ಇಂದು ಎರಡು ಆಸನದ ವಿಮಾನ ಹುಡುಕುವವರೂ ವಿಮಾನದ ಬೆಲೆಗಿಂತ ಮೊದಲು ಅದನ್ನು ಯಾರ ಜೊತೆ ಹಂಚಿಕೊಳ್ಳುತ್ತೇವೆ, ವರ್ಷಕ್ಕೆ ಎಷ್ಟು ಗಂಟೆ ಹಾರುತ್ತೇವೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಬೆಂಗಳೂರಿನ ಎನ್‌ಎಎಲ್ ರೂಪಿಸಿ 1993ರಲ್ಲಿ ಮೊದಲು ಹಾರಿಸಿದ ಹಂಸದಲ್ಲಿಯೂ ಎರಡೇ ಆಸನ. ಕಲಿಯುವವರು ಒಬ್ಬರು, ಕಲಿಸುವವರು ಇನ್ನೊಬ್ಬರು. ಕಲಿತಾದ ಮೇಲೆ ಆ ಎರಡನೆಯ ಆಸನದಲ್ಲಿ ತಂದೆಯೋ ಮಗಳೋ ಗೆಳೆಯನೋ ಕೂರಬಹುದು, ಒಂದು ಸಲಕ್ಕೆ ಒಬ್ಬರು. ಉಳಿದವರು ಕೆಳಗೆ ಬೇಲಿಯ ಬಳಿ ನಿಂತು ತಮ್ಮ ಸರದಿಗಾಗಿ ಕಾಯುತ್ತಾರೆ. ಕಥೆಯ ಪುಷ್ಪಕದಲ್ಲಿ ಇನ್ನೊಬ್ಬರಿಗೆ ಯಾವಾಗಲೂ ಜಾಗವಿದ್ದ ಹಾಗೆ, ಇಲ್ಲೂ ಎಲ್ಲರಿಗೂ ಜಾಗವಿದೆ. ಸ್ವಲ್ಪ ಕಾಯಬೇಕು ಅಷ್ಟೆ.