ಶಬ್ದದ ದಿಕ್ಕು: ಹುಬ್ಬಳ್ಳಿ-ಧಾರವಾಡ ಸೀಮೆಯ ಧ್ವನಿವಿನ್ಯಾಸವಿದ್ಯೆಯ ವಿಚಾರ

ಶಬ್ದವು ಕಿವಿಗೆ ಬಂದು ಮುಟ್ಟುವದೋ, ಕಿವಿಯು ಅದನ್ನು ದೂರದಿಂದಲೇ ಗ್ರಹಿಸುವದೋ ಎಂಬುದು ಶಾಸ್ತ್ರಕಾರರಲ್ಲಿ ಬಹುಕಾಲ ನಡೆದ ವಿವಾದವು. ಶಬ್ದದಿಂದ ಶಬ್ದವು ಹುಟ್ಟುತ್ತ, ನೀರಿನ ತೆರೆಯಂತೆ ಅಥವಾ ಕದಂಬದ ಮೊಗ್ಗಿನಂತೆ ಹರಡಿ, ಕೊನೆಯದು ಶ್ರೋತ್ರವನ್ನು ಸೇರುವದೆಂದು ನೈಯಾಯಿಕರು ಹೇಳಿದರು. ಶಬ್ದವು ಕಿವಿಯಲ್ಲಿಯೇ ಸಿಕ್ಕುವದಾದರೆ ಅದು ಇಂಥ ದಿಕ್ಕಿನಿಂದ, ಇಷ್ಟು ದೂರದಿಂದ ಬಂದಿತೆಂಬ ತಿಳಿವು ಹೇಗಾದೀತು ಎಂಬುದು ಬೌದ್ಧರ ಆಕ್ಷೇಪ. ಶಬ್ದವು ತೆರೆಯಾಗಿ ಬರುವದೆಂಬ ಮಾತಿನಲ್ಲಿ ನೈಯಾಯಿಕರೇ ಗೆದ್ದರು. ಆದರೆ ಬೌದ್ಧರ ಪ್ರಶ್ನೆಯು ಹುರುಳಿಲ್ಲದ್ದಲ್ಲ. ಅದಕ್ಕೆ ೧೯೦೭ರಲ್ಲಿ ಲಾರ್ಡ್ ರೇಲೀ ಎಂಬ ಆಂಗ್ಲ ವಿಜ್ಞಾನಿಯು ಕೊಟ್ಟ ಸಮಾಧಾನವು ಸರಳವಾದುದು: ಕಿವಿಗಳು ಎರಡು. ಬಲಗಡೆಯ ಶಬ್ದವು ಬಲಗಿವಿಗೆ ಮೊದಲು ಮುಟ್ಟಿ, ಒಂದು ಸೆಕೆಂಡಿನ ಸಾವಿರದೊಂದಂಶಕ್ಕಿಂತಲೂ ಕಡಿಮೆ ಅಂತರದಿಂದ, ತಲೆಯ ಮರೆಯಲ್ಲಿ ತುಸು ಕುಂದಿ, ಎಡಗಿವಿಯನ್ನು ಸೇರುವದು. ಚಿತ್ರಪಟಗಳಲ್ಲಿ ಧ್ವನಿಯನ್ನು ನಾಲ್ಕೂ ದಿಕ್ಕಿಗೆ ಹೊಂದಿಸುವ ಇಂದಿನ ವಿದ್ಯೆಗೆ ಈ ಅಂತರವೇ ತಳಹದಿ. ಈ ವಿದ್ಯೆಗೆ ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ಯಾವ ಪೂರ್ವಪೀಠಿಕೆಯಿತ್ತು, ಅದು ಎಲ್ಲಿ ಕಡಿಯಿತು ಎಂಬುದು ಇಲ್ಲಿಯ ವಿಷಯವು.

ಭರತನು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಮನುಷ್ಯರ ನಾಟ್ಯಗೃಹಕ್ಕೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲವೆಂಬ ಪ್ರಮಾಣವನ್ನು ವಿಧಿಸಿ, ಇದಕ್ಕೂ ದೊಡ್ಡದಾದರೆ ಪಾಠ್ಯವು ವಿಸ್ವರವಾಗುವದೆಂದು ಕಾರಣ ಹೇಳುವನು. ಗೃಹವು ಬೆಟ್ಟದ ಗವಿಯಂತಿರಬೇಕು, ಕಿಟಕಿಗಳು ಕಿರಿದಾಗಿರಬೇಕು, ಗಾಳಿ ನುಗ್ಗಬಾರದು. ಹಾಗಿದ್ದರೆ ವಾದ್ಯಗಳಿಗೆ ಗಾಂಭೀರ್ಯವು ಬರುವದು. ವಾದ್ಯವೃಂದಕ್ಕೆ ನೇಪಥ್ಯದ ಎರಡು ಬಾಗಿಲುಗಳ ನಡುವೆ ಸ್ಥಾನವನ್ನು ಗೊತ್ತುಮಾಡಿದ್ದಾನೆ. ಕಟ್ಟಡದ ಅಳತೆಯನ್ನು ಕಿವಿಯಿಂದ ನಿಶ್ಚಯಿಸಿದ ಈ ಪದ್ಧತಿಗೆ ಧ್ವನಿವಿನ್ಯಾಸವೆಂದಲ್ಲದೆ ಬೇರೆ ಹೆಸರು ಸಲ್ಲದು.

ಕುಂದಗೋಳದ ರಾಮಚಂದ್ರರಾಯರು, ಅಂದರೆ ಸವಾಯಿ ಗಂಧರ್ವರು (೧೮೮೬–೧೯೫೨), ಮರಾಠಿ ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರ ವಹಿಸಿ ಹಾಡಿದ ಕಾಲಕ್ಕೆ ರಂಗಕ್ಕಿನ್ನೂ ಧ್ವನಿವರ್ಧಕವು ಬಂದಿರಲಿಲ್ಲ. ಕಡೆಯ ಸಾಲಿನವನಿಗೆ ಸ್ವರವನ್ನು ಮುಟ್ಟಿಸುವ ಹೊಣೆಯು ಗಾಯಕನದೇ ಆಗಿತ್ತು. ಪಾತ್ರವು ಎಡಕ್ಕೆ ಸರಿದರೆ ಪದವೂ ಎಡಕ್ಕೇ ಸರಿಯುತ್ತಿತ್ತು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೇಲ್ವೆಯಲ್ಲಿ ಕುಂದಗೋಳಕ್ಕೆ ಹೋಗಿ ಈ ಗುರುಗಳಲ್ಲಿಯೇ ಕಲಿತರು. ಒಂದೇ ಸ್ವರಪಂಕ್ತಿಯನ್ನು ದಿನಗಟ್ಟಲೆ ತಿದ್ದಿಸುವ ಆ ಶಿಕ್ಷಣದಲ್ಲಿ ಕಂಠದಷ್ಟೇ ಕಿವಿಯೂ ಪಳಗುತ್ತಿತ್ತೆಂಬುದನ್ನು ಸಂಗೀತದ ಚರಿತ್ರೆ ಬರೆಯುವವರು ಸಾಕಷ್ಟು ಗಮನಿಸಿಲ್ಲ.

ಕಡಿತವು ವಾಕ್ಚಿತ್ರದೊಡನೆ ಬಂದಿತು. ‘ಆಲಂ ಆರಾ’ ೧೯೩೧ನೆಯ ಮಾರ್ಚಿ ೧೪ರಂದು ಮುಂಬಯಿಯಲ್ಲಿ ತೆರೆಗೆ ಬಂದಿತು. ಹತ್ತಿರದ ರೇಲ್ವೆಯ ಸದ್ದನ್ನು ತಪ್ಪಿಸಲಿಕ್ಕೆಂದು ಅದರ ಚಿತ್ರಣವು ಬಹುಮಟ್ಟಿಗೆ ರಾತ್ರಿಯಲ್ಲಿಯೇ ನಡೆದಿತ್ತು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ (೧೯೩೪) ಸಿದ್ಧವಾದದ್ದು ಕೊಲ್ಲಾಪುರದ ಛತ್ರಪತಿ ಸಿನೆಟೋನಿನಲ್ಲಿ. ಆಗ ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡಕ್ಕೆ ಕೊಲ್ಲಾಪುರವು ಬೆಂಗಳೂರಿಗಿಂತ ಸಮೀಪದ್ದು. ಚಿತ್ರದಲ್ಲಿ ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ಇಬ್ಬರೂ ರಂಗಭೂಮಿಯಲ್ಲಿ ಪಳಗಿದವರು. ಆದರೆ ತೆರೆಯ ಮೇಲೆ ಇಂದ್ರಜಿತನು ಎಡಕ್ಕಿದ್ದರೇನು, ರಾವಣನು ಬಲಕ್ಕಿದ್ದರೇನು, ಆ ಕಾಲದ ಏಕಮಾರ್ಗದ ಧ್ವನಿಯಲ್ಲಿ ಇಬ್ಬರ ಮಾತೂ ಒಂದೇ ಎಡೆಯಿಂದ ಹೊರಡತಕ್ಕದ್ದು. ಆ ಚಿತ್ರದ ಪ್ರತಿಯೊಂದೂ ಇಂದು ಉಳಿದಿಲ್ಲವಾದ್ದರಿಂದ ಅದರ ಧ್ವನಿಯನ್ನು ಕೇಳಿ ಪರೀಕ್ಷಿಸುವ ಮಾರ್ಗವು ಮುಚ್ಚಿಹೋಗಿದೆ. ಈ ಕುಂದನ್ನು ಕಂಡು ಪರಿಹಾರ ಯೋಚಿಸಿದವನು ಲಂಡನ್ನಿನ ಅಲನ್ ಬ್ಲೂಮ್ಲೈನ್; ಎರಡು ಮಾರ್ಗಗಳಿಂದ ಧ್ವನಿಯನ್ನು ಹಿಡಿದು ನುಡಿಸುವ ಅವನ ಪೇಟೆಂಟಿನ ಅರ್ಜಿಯು ‘ಆಲಂ ಆರಾ’ ಬಂದ ವರ್ಷದ ಡಿಸೆಂಬರದಲ್ಲಿಯೇ ಸಲ್ಲಿತು. ರೋಗವು ಭಾರತಕ್ಕೆ ತಲುಪಿದ ವರ್ಷವೇ ಔಷಧವೂ ಹುಟ್ಟಿತ್ತು. ಅದು ಇಲ್ಲಿಯ ಚಿತ್ರಮಂದಿರಗಳಿಗೆ ಬರಲು ದಶಕಗಳು ಹಿಡಿದವು.

ಧಾರವಾಡದಲ್ಲಿ ೧೯೫೦ನೆಯ ಜನವರಿ ೮ರಂದು ಆಕಾಶವಾಣಿಯು ಆರಂಭವಾಯಿತು. ಬೇಂದ್ರೆಯವರು, ಮಲ್ಲಿಕಾರ್ಜುನ ಮನಸೂರರು ಅದರ ಸಲಹೆಗಾರರಾಗಿದ್ದರು. ಕಣ್ಣಿಗೆ ಏನೂ ಇಲ್ಲದ ರೇಡಿಯೋ ನಾಟಕದಲ್ಲಿ ಬಾಗಿಲು, ಮಳೆ, ಬೀದಿ ಎಲ್ಲವೂ ಶಬ್ದದಿಂದಲೇ ಆಗಬೇಕು. ಇಲ್ಲೊಂದು ಸೂಕ್ಷ್ಮವಿದೆ. ನಟನು ಮೈಕಿನಿಂದ ಹಿಂದೆ ಸರಿದರೆ ಅವನ ನೇರ ಧ್ವನಿಯು ಕ್ಷೀಣಿಸಿ, ಗೋಡೆಗಳ ಮಾರ್ದನಿಯ ಪಾಲು ಹೆಚ್ಚುವದು; ಕೇಳುವವನು ಅದನ್ನು ದೂರವೆಂದು ತಿಳಿಯುವನು. ಎಂದರೆ ಒಂದೇ ಮೈಕು ದೂರ-ಸಮೀಪಗಳನ್ನು ಕಾಪಾಡುವದು, ಎಡಬಲಗಳನ್ನು ಮಾತ್ರ ಅಳಿಸುವದು. ಬೌದ್ಧರು ಒಟ್ಟಿಗೆ ಹೇಳಿದ ದಿಕ್ಕು, ದೂರಗಳೆರಡೂ ಬೇರೆಬೇರೆ ಕಾರಣಗಳಿಂದ ತಿಳಿಯತಕ್ಕವುಗಳೆಂಬುದಕ್ಕೆ ಇದಕ್ಕಿಂತ ಸುಲಭವಾದ ಪ್ರಮಾಣವು ಬೇಕಿಲ್ಲ.

ಯಂತ್ರವಿದ್ಯೆಯ ಪಾಠವು ಮಾತ್ರ ಹೊರಗೇ ನಡೆಯಿತು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ, ಧ್ವನಿಮುದ್ರಣಗಳ ಶಿಕ್ಷಣವು ನಡೆಯಿತು. ಪುಣೆಯಲ್ಲಿ ಪ್ರಭಾತ ಕಂಪನಿಯ ಆವರಣದಲ್ಲಿ ೧೯೬೦ರಲ್ಲಿ ಚಿತ್ರಸಂಸ್ಥೆಯು ಸ್ಥಾಪಿತವಾಯಿತು. ೨೦೧೨ರಲ್ಲಿ ಬಂದ ಡಾಲ್ಬಿ ಅಟ್ಮಾಸ್ ಪದ್ಧತಿಯಲ್ಲಿ ೧೨೮ರ ವರೆಗೆ ಧ್ವನಿಮಾರ್ಗಗಳನ್ನು ೬೪ರ ವರೆಗಿನ ಧ್ವನಿವರ್ಧಕಗಳಿಗೆ ಹಂಚಬಹುದು. ಮಾಳಿಗೆಯಿಂದಲೂ ಶಬ್ದವನ್ನು ಇಳಿಸಬಹುದು. ಸಂಖ್ಯೆಯು ದೊಡ್ಡದು, ಅದನ್ನು ತುಂಬತಕ್ಕ ಕಿವಿಯು ಹಳೆಯದೇ.

ಅಭ್ಯಾಸಕ್ಕೆ ಸ್ಥಳವು ಹುಬ್ಬಳ್ಳಿಯಲ್ಲಿಯೇ ಇದೆ. ಶ್ರೀ ಸಿದ್ಧಾರೂಢ ಸ್ವಾಮೀಜಿ ರೇಲ್ವೆ ನಿಲ್ದಾಣದ ೧೫೦೭ ಮೀಟರಿನ ಪ್ಲಾಟ್‌ಫಾರಮ್ಮು ೨೦೨೩ರಲ್ಲಿ ಉದ್ಘಾಟಿತವಾಯಿತು. ಸೆಕೆಂಡಿಗೆ ಸುಮಾರು ೩೪೩ ಮೀಟರು ಚಲಿಸುವ ಶಬ್ದಕ್ಕೆ ಅದರ ಒಂದು ತುದಿಯಿಂದ ಇನ್ನೊಂದನ್ನು ಮುಟ್ಟಲು ೪ ಸೆಕೆಂಡಿಗಿಂತ ಹೆಚ್ಚು ಕಾಲ ಬೇಕು. ಇಂಥ ಉದ್ದದಲ್ಲಿ ಸಾಲಾಗಿಟ್ಟ ಧ್ವನಿವರ್ಧಕಗಳು ಒಮ್ಮೆಗೇ ನುಡಿದರೆ ಹತ್ತಿರದ್ದು ಮೊದಲು, ದೂರದ್ದು ಆಮೇಲೆ ಕಿವಿಗೆ ಬೀಳುವದು. ಅಂತರವು ಅತ್ಯಲ್ಪವಾದರೆ ಎರಡೂ ಒಂದಾಗಿ, ಮೊದಲು ಬಂದುದರ ದಿಕ್ಕಿನಿಂದಲೇ ಕೇಳುವವು. ಹೆಚ್ಚಾದರೆ ಮಾತು ಇಮ್ಮಡಿಯಾಗಿ ಕಲಸಿಹೋಗುವದು. ಆ ಎರಡರ ನಡುವಿನ ಗಡಿಯು ಎಲ್ಲಿಯದೆಂಬುದನ್ನು ವಿದ್ಯಾರ್ಥಿಯು ಅಲ್ಲಿ ನಡೆದಾಡುತ್ತ, ಯಂತ್ರವಿಲ್ಲದೆಯೇ ಗೊತ್ತುಮಾಡಿಕೊಳ್ಳಬಹುದು.