ಭಜ್ಜಿಯ ಗಡಿಗೆಗೆ ಖಾರ ಬಂದ ದಾರಿ

ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ಬೀದರ್, ಭಾಲ್ಕಿ, ಔರಾದ್ ಪೇಟೆಗಳ ಕಾಯಿಪಲ್ಯೆ ಸಾಲಿನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಹಸಿ ಕಡಲೆ, ತೊಗರಿಕಾಯಿ, ಅವರೆ, ಬಟಾಣಿ, ಶೇಂಗಾ, ಮೆಂತ್ಯ, ಪಾಲಕ್, ಸಬ್ಬಸಗಿ, ಉಳ್ಳಾಗಡ್ಡಿ ತಪ್ಪಲು, ಹಸಿ ಬೆಳ್ಳುಳ್ಳಿ, ಹುಣಸೆ, ಹಸಿ ಮೆಣಸಿನಕಾಯಿ ಎಲ್ಲವೂ ಒಂದೇ ಚೀಲಕ್ಕೆ ಬೀಳುತ್ತವೆ, ಮರುದಿನ ಒಂದೇ ಪಾತ್ರೆಗೂ ಬೀಳುತ್ತವೆ. ಆ ಪಾತ್ರೆಯಲ್ಲಿ ಬೇಯುವುದು ಭಜ್ಜಿ. ಎಣ್ಣೆಯಲ್ಲಿ ಕರಿದ ಬಜ್ಜಿಗೂ ಇದಕ್ಕೂ ಸಂಬಂಧವಿಲ್ಲ. ಇದು ಸಜ್ಜೆ ರೊಟ್ಟಿ ಅದ್ದಿ ತಿನ್ನುವ ಮಂದವಾದ, ಹುಳಿ–ಖಾರದ ಪದಾರ್ಥ.

ಕೊರಿಯಾದ ಧಾರಾವಾಹಿಗಳು ಮೊಬೈಲಿಗೆ ಬಂದಮೇಲೆ ನಮ್ಮ ಹುಡುಗ–ಹುಡುಗಿಯರಿಗೆ ಆ ದೇಶದ ‘ಜಿಗೆ’ ಪರಿಚಯವಾಗಿದೆ. ಮಣ್ಣಿನ ಪಾತ್ರೆಯಲ್ಲಿ ಕೆಂಪಗೆ ಕುದಿಯುತ್ತಲೇ ಊಟದ ನಡುವೆ ಬಂದು ಕೂರುವ, ಮನೆಮಂದಿಯೆಲ್ಲ ಹಂಚಿಕೊಂಡು ಉಣ್ಣುವ ಖಾರದ ಸಾರು ಅದು. ಜಿಗೆಗೂ ಬೀದರಿನ ಭಜ್ಜಿಗೂ ಸಾವಿರಾರು ಕಿಲೋಮೀಟರ್ ಅಂತರವಿದ್ದರೂ ಖಾರದ ಮಟ್ಟಿಗೆ ಎರಡರ ಚರಿತ್ರೆಯೂ ಹೆಚ್ಚುಕಡಿಮೆ ಒಂದೇ. ಎರಡೂ ಕಡೆ ಗಡಿಗೆ ಹಳೆಯದು, ಮೆಣಸಿನಕಾಯಿ ಹೊಸದು.

ಹಳೆಯದೆಂದರೆ ಎಷ್ಟು ಹಳೆಯದು? ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿತ್ತು. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ಅದರ ‘ಅನ್ನಭೋಗ’ ಭಾಗದಲ್ಲಿ ಬೇಳೆಕಾಳು, ಮಾಂಸ, ಹಾಲಿನ ಅಡುಗೆಗಳ ವಿವರಗಳಿವೆ. ಇಂಗು, ಅರಿಸಿನ, ಸೈಂಧವ ಲವಣ, ಶುಂಠಿ, ಕಾಳುಮೆಣಸು ಹೇಗೆ ಬಳಸಬೇಕೆಂದು ಅರಸ ಹೇಳುತ್ತಾನೆ. ಮೆಣಸಿನಕಾಯಿಯ ಸುಳಿವು ಮಾತ್ರ ಎಲ್ಲೂ ಇಲ್ಲ. ಸುಮಾರು ನಾಲ್ಕು ಶತಮಾನದ ನಂತರ ಮೂರನೆಯ ಮಂಗರಸ ಕನ್ನಡದಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲೂ ಅದು ಸಿಗುವುದಿಲ್ಲ. ಸಿಗುವುದು ಸಾಧ್ಯವೂ ಇರಲಿಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಕೊಲಂಬಸ್ ತನ್ನ ಮೊದಲ ಯಾನ ಮುಗಿಸಿ 1493ರಲ್ಲಿ ಮರಳಿದ ಮೇಲೆಯೇ ಅದು ಯುರೋಪಿಗೆ ತಿಳಿದದ್ದು.

ಅದಕ್ಕೂ ಮುಂಚಿನ ಬೀದರನ್ನು ಕಣ್ಣಾರೆ ಕಂಡವನು ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್. ಬಹಮನಿಗಳ ರಾಜಧಾನಿಯಾಗಿದ್ದ ಈ ಊರಿನಲ್ಲಿ ಮಹಮೂದ್ ಗವಾನ್ ಮಂತ್ರಿಯಾಗಿದ್ದ ದಿನಗಳಲ್ಲಿ, 1470ರ ಆಸುಪಾಸಿಗೆ, ಆತ ಪಶ್ಚಿಮ ಕರಾವಳಿಯ ಚೌಲ್ ಬಂದರಿನಲ್ಲಿ ಇಳಿದು ಇಲ್ಲಿಗೆ ಬಂದ; ತಾನು ತಂದ ಕುದುರೆಯನ್ನು ಇಲ್ಲೇ ಮಾರಿದ. ಅವನ ಟಿಪ್ಪಣಿಗಳಲ್ಲಿ ಕಲ್ಲಿಕೋಟೆಯ ಮೆಣಸು–ಶುಂಠಿಯ ಮಾತು ಬರುತ್ತದೆ. ಆಗ ಬೀದರಿನ ಅಡುಗೆಗೆ ಖಾರ ಬೇಕೆಂದರೆ ಮಲೆಯಾಳ ಸೀಮೆಯ ಕಾಳುಮೆಣಸನ್ನು ದುಡ್ಡು ಕೊಟ್ಟು ತರಿಸಬೇಕಿತ್ತು.

ಪೋರ್ಚುಗೀಸರು 1510ರಲ್ಲಿ ಬಿಜಾಪುರದ ಆದಿಲಶಾಹಿಗಳಿಂದ ಗೋವಾ ಕಿತ್ತುಕೊಂಡರು. ಅಮೆರಿಕದ ಮೆಣಸಿನಕಾಯಿ ಭಾರತಕ್ಕೆ ಬಂದದ್ದು ಅವರ ಹಡಗುಗಳಲ್ಲಿ. ಕರಾವಳಿಯಿಂದ ಘಟ್ಟ ಹತ್ತಿ ದಖನ್ನಿಗೆ ಸಾಗುವ ವ್ಯಾಪಾರದ ದಾರಿಗಳು ಮೊದಲೇ ಇದ್ದವು. ಕಾಳುಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆ, ನೆರಳು, ಆಸರೆಯ ಮರ ಬೇಕು. ಅದು ಬೀದರಿನ ಬಿಸಿಲಿಗೆ ಬಾಳುವುದಿಲ್ಲ. ಮೆಣಸಿನಕಾಯಿ ಗಿಡಕ್ಕೆ ಹಿತ್ತಿಲಿನ ಒಂದು ಮೂಲೆ ಸಾಕು. ಕಾಯಿ ಹಸಿಯಾಗಿಯೂ ನಡೆಯುತ್ತದೆ, ಒಣಗಿಸಿಟ್ಟರೆ ವರ್ಷಪೂರ್ತಿ ಬರುತ್ತದೆ. ಅರಮನೆಗೆ ಸುಲಭವಾಗಿ, ಬಡವರಿಗೆ ದುಬಾರಿಯಾಗಿ ಸಿಗುತ್ತಿದ್ದ ಖಾರ ಒಕ್ಕಲಿಗನ ಮನೆಯ ಸ್ವಂತ ಬೆಳೆಯಾಯಿತು. ಎಲ್ಲ ಕಡೆಯೂ ಇದು ಒಮ್ಮೆಲೇ ಆಗಲಿಲ್ಲ: 16ನೇ ಶತಮಾನದ ಕೊನೆಗೆ ಬರೆದ ‘ಐನ್‌–ಇ–ಅಕ್ಬರಿ’ಯ ಅಡುಗೆಗಳಲ್ಲೂ ಇನ್ನೂ ಕಾಳುಮೆಣಸೇ ಇದೆ.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೊರಿಯಾದಲ್ಲೂ ಇದೇ ನಡೆಯುತ್ತಿತ್ತು. ಜಪಾನ್ 1592ರಿಂದ 1598ರವರೆಗೆ ಕೊರಿಯಾದ ಮೇಲೆ ದಂಡೆತ್ತಿ ಬಂದ ಕಾಲಕ್ಕೆ ಮೆಣಸಿನಕಾಯಿ ಅಲ್ಲಿಗೆ ಮುಟ್ಟಿತೆಂದು ಹೆಚ್ಚಿನ ಇತಿಹಾಸಕಾರರು ಹೇಳುತ್ತಾರೆ. ವಿದ್ವಾಂಸ ಯಿ ಸು–ಗ್ವಾಂಗ್ 1614ರ ತನ್ನ ಗ್ರಂಥದಲ್ಲಿ ಅದು ಜಪಾನಿನಿಂದ ಬಂದದ್ದೆಂದು ಬರೆದ. ಅಡುಗೆಮನೆ ಅದನ್ನು ಒಪ್ಪಿಕೊಳ್ಳಲು ಇನ್ನೂ ನೂರೈವತ್ತು ವರ್ಷ ಬೇಕಾಯಿತು. ಸೋಯಾ ಹುದುಗಿಗೆ ಮೆಣಸಿನಪುಡಿ ಬೆರೆಸಿ ಮಾಡುವ ‘ಗೊಚುಜಾಂಗ್’ನ ವಿಧಾನ 1766ರ ಕೃಷಿಗ್ರಂಥವೊಂದರಲ್ಲಿದೆ. ಇಂದು ಕೊರಿಯಾದ ಗುರುತೇ ಆಗಿರುವ ಆ ಕೆಂಪು ಬಣ್ಣಕ್ಕೆ ಮುನ್ನೂರು ವರ್ಷಕ್ಕಿಂತ ಬಹಳ ಹೆಚ್ಚಿನ ವಯಸ್ಸಿಲ್ಲ.

ಇತ್ತ ಭಜ್ಜಿಗೆ ಬರೆದಿಟ್ಟ ಗ್ರಂಥವಿಲ್ಲ. ಅದನ್ನು ಕಾಪಾಡಿದ್ದು ಎಳ್ಳಮಾವಾಸ್ಯೆಯ ಹಬ್ಬ. ಮಾರ್ಗಶಿರದ ಅಮಾವಾಸ್ಯೆಗೆ ಹಿಂಗಾರಿ ಜೋಳ ಎದೆಯೆತ್ತರ ಬಂದಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ, ತೊಗರಿ ಬಲಿತಿರುತ್ತದೆ. ಬೀದರ್ ಬಳಿಯ ಜನವಾಡದ ಸುತ್ತಲ ಹೊಲಗಳಲ್ಲಿ, ಮಾಂಜ್ರಾ ನದಿ ಬಯಲಿನ ಎರೆಭೂಮಿಯಲ್ಲಿ ಅಂದು ಜೋಳದ ದಂಟಿನ ಕೊಂಪೆ ಕಟ್ಟುತ್ತಾರೆ. ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸುತ್ತಾರೆ. ಹೊಲದ ತುಂಬ ಚರಗ ಚೆಲ್ಲಿ ಭೂತಾಯಿಗೆ ಉಣಿಸಿದ ಮೇಲೆಯೇ ಮನುಷ್ಯರ ಊಟ: ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಮಜ್ಜಿಗೆ ಬೆರೆಸಿದ ಅಂಬಲಿ.

ಭಜ್ಜಿ ಮಾಡುವುದು ಕಷ್ಟವಲ್ಲ, ಆದರೆ ಕೈ ಬಿಡುವಂತಿಲ್ಲ. ಕಾಳುಗಳನ್ನು ಮೊದಲು ಬೇಯಿಸಬೇಕು, ಸೊಪ್ಪು ಆಮೇಲೆ. ಹಸಿ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಕುಟ್ಟಿದ ಖಾರ ಬೀಳುವುದು ಒಗ್ಗರಣೆಗೆ. ಹುಣಸೆ ರಸ ಕುದಿ ಬಂದಾಗ ಕಡಲೆಹಿಟ್ಟನ್ನು ನೀರಲ್ಲಿ ಗಂಟಿಲ್ಲದಂತೆ ಕದಡಿ ಸುರಿಯುತ್ತಾರೆ. ಆಗ ಪಾತ್ರೆಯೆಲ್ಲ ಒಮ್ಮೆಲೇ ಮಂದವಾಗಿ, ಗುಳ್ಳೆಗಳು ಬಿರಿದು ಕೈಗೆ ಸಿಡಿಯುತ್ತವೆ. “ತಳ ಹತ್ತತದ್ ನೋಡವ್ವ, ಕೈ ಬಿಡಬ್ಯಾಡ” ಎಂದು ಅತ್ತೆ ಸೊಸೆಗೆ ಹೇಳುವುದು ಆ ಗಳಿಗೆಯಲ್ಲೇ.

ಇದನ್ನು ಉಣ್ಣುವ ಸೀಮೆ ಇಂದಿನ ರಾಜ್ಯಗಳ ಗಡಿಗೆ ಹೊಂದುವುದಿಲ್ಲ. ಲಾತೂರ್, ಧಾರಾಶಿವ (ಹಿಂದಿನ ಉಸ್ಮಾನಾಬಾದ್) ಕಡೆಯ ಮರಾಠಿ ಮನೆಗಳಲ್ಲೂ ಅದೇ ಅಮಾವಾಸ್ಯೆಗೆ ಅದೇ ಭಜ್ಜಿ, ಅದೇ ಅಂಬಲಿ. ನಿಜಾಮನ ಕಾಲದಲ್ಲಿ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಬೀದರ್ ಜಿಲ್ಲೆಯೊಳಗೇ ಇದ್ದವು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯಗಳು ಆದಾಗ ಅವು ಮುಂಬೈ ರಾಜ್ಯಕ್ಕೆ, ಜಹೀರಾಬಾದ್ ಮತ್ತು ನಾರಾಯಣಖೇಡ ಆಂಧ್ರಕ್ಕೆ, ಉಳಿದ ಭಾಗ ಮೈಸೂರಿಗೆ ಸೇರಿದವು. ಜಿಲ್ಲೆ ಮೂರು ಪಾಲಾದರೂ ಭಜ್ಜಿ ಪಾಲಾಗಲಿಲ್ಲ.

ಅದನ್ನು ನಿಜವಾಗಿ ಬದಲಿಸುತ್ತಿರುವುದು ಹೊಲ. ಹಿಂದೆ ಮುಂಗಾರಿ ಜೋಳ, ಉದ್ದು, ಹೆಸರು, ತೊಗರಿ, ಅವರೆಗಳನ್ನು ಸಾಲು ಬಿಟ್ಟು ಸಾಲು ಬೆಳೆಯುತ್ತಿದ್ದ ಎಷ್ಟೋ ಹೊಲಗಳಲ್ಲಿ ಕಳೆದ ಎರಡು–ಮೂರು ದಶಕಗಳಿಂದ ಸೋಯಾ ಅವರೆ ತುಂಬಿದೆ. ಸುಮಾರು ನೂರು ದಿನಕ್ಕೆ ಕೈಗೆ ಬರುತ್ತದೆ, ರೊಕ್ಕ ಕೊಡುತ್ತದೆ, ಹಿಂಗಾರಿಗೆ ಹೊಲ ಬಿಟ್ಟುಕೊಡುತ್ತದೆ. ರೈತ ಅದನ್ನು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಕರ್ನಾಟಕದಲ್ಲಿ ಸೋಯಾ ಎಂದರೆ ಮೊದಲು ನೆನಪಾಗುವ ಜಿಲ್ಲೆ ಈಗ ಬೀದರ್. ಆದರೆ ಅದು ಗಡಿಗೆಗೆ ಬಾರದೆ ನೇರ ಎಣ್ಣೆ ಗಿರಣಿಗೆ ಹೋಗುತ್ತದೆ. ಸ್ವಂತ ಹೊಲದಿಂದ ಕಿತ್ತು ತರುತ್ತಿದ್ದ ಕಾಳು–ಸೊಪ್ಪನ್ನು ಹೊಲವಿದ್ದವರೂ ಈಗ ಪೇಟೆಯಲ್ಲಿ ಕೊಳ್ಳುವುದಕ್ಕೆ, ಹಬ್ಬದ ಮುನ್ನಾದಿನ ದರ ಏರುವುದಕ್ಕೆ ಇದೂ ಒಂದು ಕಾರಣ.

ಕೊರಿಯಾದ ಅಡುಗೆ ನಿಂತಿರುವುದು ಮಾತ್ರ ಇದೇ ಸೋಯಾ ಮೇಲೆ. ಅಲ್ಲಿ ‘ಕೊಂಗ್‌ಬಿಜಿ ಜಿಗೆ’ ಎಂಬುದೊಂದಿದೆ: ರಾತ್ರಿ ನೆನೆಸಿದ ಸೋಯಾ ಕಾಳನ್ನು ತರಿತರಿಯಾಗಿ ರುಬ್ಬಿ, ಹುಳಿಬಂದ ಕಿಮ್ಚಿಯ (ಉಪ್ಪು–ಖಾರ ಹಚ್ಚಿ ಹುದುಗಿಸಿದ ಎಲೆಕೋಸಿನ) ಜೊತೆ ಒಂದೇ ಪಾತ್ರೆಯಲ್ಲಿ ಕುದಿಸುತ್ತಾರೆ. ಔರಾದಿನ ಮನೆಯಲ್ಲಿ ಇದಕ್ಕೆ ಬೇಕಾದದ್ದರಲ್ಲಿ ಕಿಮ್ಚಿಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಇದೆ. ಎಲೆಕೋಸಿಗೆ ಉಪ್ಪು, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಪುಡಿ ಸವರಿ ಕೆಲವು ದಿನ ಹುಳಿಯಲು ಬಿಟ್ಟರೆ ಆ ಕೊರತೆಯೂ ನೀಗುತ್ತದೆ. ರುಬ್ಬಿದ ಸೋಯಾ ನೊರೆಯೆದ್ದು ಉಕ್ಕುವುದರಿಂದ ಮುಚ್ಚಳ ಹಾಕಬಾರದು, ಉರಿ ಸಣ್ಣಗಿರಬೇಕು, ಹಸಿವಾಸನೆ ಪೂರ್ತಿ ಹೋಗುವವರೆಗೆ ಬೇಯಿಸಬೇಕು. ಕಡಲೆಹಿಟ್ಟಿನ ಭಜ್ಜಿ ಕದಡಿ ರೂಢಿಯಿದ್ದ ಕೈಗೆ ಇದೇನೂ ಹೊಸ ಕೆಲಸವಲ್ಲ. ಗಿರಣಿಗೆ ಹೊರಟ ಚೀಲದಿಂದ ಒಂದು ಪಾವು ಕಾಳು ಮನೆಗೆ ತೆಗೆದಿಟ್ಟುಕೊಂಡರಾಯಿತು.