ಹಂದಿಗೋಡು ಕಾಯಿಲೆ

ಕರ್ನಾಟಕದ ಮಲೆನಾಡಿನಲ್ಲಿ, ಮುಖ್ಯವಾಗಿ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಕಂಡುಬರುವ ಆನುವಂಶಿಕ ಮೂಳೆ-ಕೀಲು ರೋಗ. ಸೊಂಟದ ಕೀಲು ಮೊದಲು ಸವೆಯುತ್ತದೆ. ತೀವ್ರ ರೂಪದಲ್ಲಿ ಬೆನ್ನುಮೂಳೆಯೂ ಕೈಕಾಲಿನ ಮೂಳೆಗಳ ತುದಿಗಳೂ ಕೆಟ್ಟು ಬೆಳವಣಿಗೆ ಕುಂಠಿತವಾಗುತ್ತದೆ. 1970ರ ದಶಕದ ಮಧ್ಯದಲ್ಲಿ ವೈದ್ಯಲೋಕದ ಗಮನಕ್ಕೆ ಬಂದಾಗ ಇದನ್ನು ಆಹಾರದ ಮೂಲಕ ಬರುವ ವಿಷದ ಪರಿಣಾಮವೆಂದು ಶಂಕಿಸಲಾಗಿತ್ತು. ಅನಂತರದ ಅಧ್ಯಯನಗಳು ಇದನ್ನು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ನೇರವಾಗಿ ಇಳಿಯುವ ಪ್ರಬಲ ವಂಶವಾಹಿಯ ಕಾಯಿಲೆಯೆಂದು ಗುರುತಿಸಿದವು. ಆಹಾರ ಸುರಕ್ಷತೆ ಮತ್ತು ರೋಗ ತಳಿಶಾಸ್ತ್ರ ಎರಡೂ ಒಂದೇ ಹಳ್ಳಿಯ ಅಂಗಳದಲ್ಲಿ ಎದುರಾದ ಪ್ರಕರಣವೆಂದು ಇದಕ್ಕೆ ಭಾರತೀಯ ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ.

ಹೆಸರು ಮತ್ತು ವ್ಯಾಪ್ತಿ

ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಿಂದ ಕಾಯಿಲೆಗೆ ಈ ಹೆಸರು ಬಂದಿದೆ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು 1957ರಲ್ಲಿ ಮಂಗನ ಕಾಯಿಲೆಗೆ ತನ್ನ ಹೆಸರು ಕೊಟ್ಟಿತ್ತು. ಹೀಗೆ ಅಕ್ಕಪಕ್ಕದ ಎರಡು ತಾಲ್ಲೂಕುಗಳ ಊರುಗಳ ಹೆಸರು ವೈದ್ಯಗ್ರಂಥಗಳಿಗೆ ಸೇರಿತು. ರೋಗಿಗಳಲ್ಲಿ ಹೆಚ್ಚಿನವರು ಚನ್ನಂಗಿ ಮತ್ತು ಛಲವಾದಿ ಎಂಬ ದಲಿತ ಸಮುದಾಯಗಳವರು. ಬಹುಪಾಲು ಅನ್ಯರ ಗದ್ದೆ ತೋಟಗಳಲ್ಲಿ ಕೂಲಿ ಮಾಡಿ ಬದುಕುವವರು. ಆರಂಭದ ವೈದ್ಯಕೀಯ ಬರಹಗಳಲ್ಲಿ ಇದನ್ನು 'ಮಲೆನಾಡಿನ ಸ್ಥಾನಿಕ ಕೌಟುಂಬಿಕ ಸಂಧಿವಾತ' ಎಂಬ ಅರ್ಥದ ಹೆಸರಿನಿಂದ ಕರೆಯಲಾಗಿದೆ.

ಲಕ್ಷಣಗಳು

ಮೊದಲ ದೂರು ಸಾಮಾನ್ಯವಾಗಿ ಸೊಂಟದ ನೋವು. ಕೆಲವರಲ್ಲಿ ಮಂಡಿಯ ನೋವು. ನಾಟಿಯ ಕೆಲಸದಲ್ಲಿ ದಿನವಿಡೀ ಬಗ್ಗಿ ನಿಲ್ಲುವವರಿಗೆ ಇದು ಮೈಕೈ ನೋವಿನಂತೆಯೇ ಕಾಣುವುದರಿಂದ ಬೇಗ ಲೆಕ್ಕಕ್ಕೆ ಬರುವುದಿಲ್ಲ. ಕ್ರಮೇಣ ಕುಕ್ಕರಗಾಲಲ್ಲಿ ಕೂರಲು, ಕೂತಲ್ಲಿಂದ ಏಳಲು, ಚಕ್ಕಳಮಕ್ಕಳ ಹಾಕಲು ಆಗದಂತಾಗುತ್ತದೆ. ತೊಡೆಮೂಳೆಯ ಗುಂಡುತಲೆ ಚಪ್ಪಟೆಯಾಗಿ, ಅದು ಕೂರುವ ಬಟ್ಟಲು ಸವೆದು, ಸೊಂಟ ಮುಂದಕ್ಕೆ ಬಗ್ಗಿದ ಸ್ಥಿತಿಯಲ್ಲೇ ಬಿಗಿದುಕೊಳ್ಳುತ್ತದೆ. ನಡಿಗೆ ಎಡಕ್ಕೂ ಬಲಕ್ಕೂ ವಾಲುತ್ತದೆ. ಮುಂದೆ ಕೋಲು ಬೇಕಾಗುತ್ತದೆ. ಕೆಲವರು ಕೈಯೂರಿ ತೆವಳುವ ಸ್ಥಿತಿಗೆ ಬರುತ್ತಾರೆ. ಬುದ್ಧಿಶಕ್ತಿಗೆ ಯಾವ ಊನವೂ ಇಲ್ಲ.

ಒಂದೇ ಮನೆಯಲ್ಲೂ ಕಾಯಿಲೆಯ ತೀವ್ರತೆ ಒಂದೇ ರೀತಿ ಇರುವುದಿಲ್ಲ. ಅಧ್ಯಯನಕಾರರು ಮೂರು ಬಗೆಗಳನ್ನು ಗುರುತಿಸಿದ್ದಾರೆ. ಮೊದಲನೆಯದರಲ್ಲಿ ಎತ್ತರ ಸಹಜ, ಹಾನಿ ಸೊಂಟದ ಕೀಲಿಗೆ ಸೀಮಿತ. ಎರಡನೆಯದರಲ್ಲಿ ಬೆನ್ನುಮೂಳೆಯೂ ಸೇರಿ ಮುಂಡ ಗಿಡ್ಡವಾಗುತ್ತದೆ. ಮೂರನೆಯದು ಸ್ಪಷ್ಟ ಕುಬ್ಜರೂಪ. ಬೆನ್ನಿನ ಮಣಿಗಳು ಚಪ್ಪಟೆಯಾಗುವುದರ ಜೊತೆಗೆ ಕೈಕಾಲಿನ ಮೂಳೆಗಳೂ ಕೆಟ್ಟಿರುತ್ತವೆ. ಮೂರಕ್ಕೂ ಸಮಾನವಾದದ್ದು ಸೊಂಟದ ಕೀಲಿನ ಹಾನಿ.

ಆಹಾರದ ಶಂಕೆ

ಕಾಯಿಲೆಯ ಸುದ್ದಿ ಹೊರಬಿದ್ದ ಕಾಲದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು ಅದರ ಶೋಧಕ್ಕೆ ಇಳಿದರು. ಅವರು ತಟ್ಟೆಯ ಕಡೆಗೆ ಮೊದಲು ನೋಡಿದ್ದೇಕೆ ಎಂಬುದಕ್ಕೆ ಹಿನ್ನೆಲೆಯಿದೆ. ಆ ದಶಕದಲ್ಲಿ ದೇಶದ ನಿಗೂಢ ಕಾಯಿಲೆಗಳಲ್ಲಿ ಹಲವು ಕೊನೆಗೆ ಊಟಕ್ಕೇ ಬಂದು ಮುಟ್ಟಿದ್ದವು. ಕೇಸರಿ ಬೇಳೆ ತಿಂದವರ ಕಾಲು ಸ್ವಾಧೀನ ತಪ್ಪುವುದು ಹಳೆಯ ಸಂಗತಿ. ನಾಗಾರ್ಜುನಸಾಗರದ ಸುತ್ತಲಿನ ಹಳ್ಳಿಗಳಲ್ಲಿ ಎಳೆಯರ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಕುವ ರೋಗವನ್ನು ಇದೇ ಸಂಸ್ಥೆ 1973ರಲ್ಲಿ ನೀರಿನ ಫ್ಲೋರೈಡಿನೊಂದಿಗೆ ಜೋಡಿಸಿ ವರದಿ ಮಾಡಿತ್ತು. ಜೋಳದ ಊಟದ ಪಾತ್ರವೂ ಆಗ ಚರ್ಚೆಗೆ ಬಂದಿತ್ತು. ಮಧ್ಯಭಾರತದ ಸರ್ಗುಜಾದಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ ಜನ ಸತ್ತಾಗ, ಸಾಮೆಯ ಜಾತಿಯ ಕಿರುಧಾನ್ಯದಲ್ಲಿ ಬೆರೆತ ಕ್ರೊಟಲೇರಿಯಾ ಕಳೆಯ ಬೀಜ ಯಕೃತ್ತನ್ನು ಕೆಡಿಸಿದ್ದು ಬಯಲಾಯಿತು.

ಇವೆಲ್ಲಕ್ಕಿಂತ ದೊಡ್ಡ ಆಘಾತ 1974ರ ಕೊನೆಯದು. ರಾಜಸ್ಥಾನದ ಬಾಂಸ್‌ವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲದ ಮಳೆಗೆ ಸಿಕ್ಕಿದ ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿಯಿತು. ಅದನ್ನು ತಿಂದವರಿಗೆ ಕಾಮಾಲೆ ಬಂದು ಹೊಟ್ಟೆ ಉಬ್ಬಿತು. ಮನೆಯ ನಾಯಿಗಳೂ ಹಾಗೇ ಸತ್ತವು. ವರದಿಯಾದ 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡರು. ಕಾರಣ ಅಫ್ಲಟಾಕ್ಸಿನ್ ಎಂದು ಕೆ.ಎ.ವಿ.ಆರ್. ಕೃಷ್ಣಮಾಚಾರಿ, ರಮೇಶ್ ವಿ. ಭಟ್ ಮತ್ತು ಸಂಗಡಿಗರು 1975ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಹಂದಿಗೋಡಿನ ಮೊದಲ ವ್ಯವಸ್ಥಿತ ಜನಾರೋಗ್ಯ ಅಧ್ಯಯನವನ್ನು 1977ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್'ನಲ್ಲಿ ಪ್ರಕಟಿಸಿದವರೂ ಭಟ್ ಮತ್ತು ಕೃಷ್ಣಮಾಚಾರಿಯವರೇ. ಬೂಷ್ಟು ಹಿಡಿದ ಮೆಕ್ಕೆಜೋಳದ ನೆನಪು ಮಾಸುವ ಮೊದಲೇ ಅವರ ಮುಂದೆ ಮಲೆನಾಡಿನ ಗದ್ದೆ ಬಂದಿತ್ತು.

ಗದ್ದೆಯಲ್ಲಿ ಶಂಕೆಗೆ ಸಿಕ್ಕಿದ್ದು ಏಡಿ. ಮಳೆಗಾಲದಲ್ಲಿ ಅಂಚಿನ ಬಿಲಕ್ಕೆ ಕೈಹಾಕಿ ಏಡಿ ಹಿಡಿಯುವುದು, ಚಿಪ್ಪು ಸಮೇತ ಜಜ್ಜಿ ಸಾರು ಮಾಡುವುದು ಬಡವರ ಮನೆಯಲ್ಲಿ ದುಡ್ಡು ಕೊಡದೆ ಸಿಗುವ ಮಾಂಸದೂಟ. ಹೊಸ ಭತ್ತದ ತಳಿಗಳ ಜೊತೆಗೆ ಕೀಟನಾಶಕಗಳು ಮಲೆನಾಡಿನ ಗದ್ದೆಗೆ ಇಳಿದದ್ದು ಹೆಚ್ಚುಕಡಿಮೆ ಅದೇ ಕಾಲ. ಔಷಧಿ ಹೊಡೆದ ಗದ್ದೆಯಲ್ಲಿ ಏಡಿ ಮಂಕಾಗಿ ನೀರಿನ ಮೇಲೆ ಬರುತ್ತದೆ, ಆಗ ಹಿಡಿಯುವುದು ಸುಲಭ. ಆಗ ಬಳಕೆಯಲ್ಲಿದ್ದ ಕ್ಲೋರಿನ್‌ಯುಕ್ತ ಕೀಟನಾಶಕಗಳು ನೀರಿಗಿಂತ ಕೊಬ್ಬಿನಲ್ಲಿ ಹೆಚ್ಚು ಕರಗುವಂಥವು. ಏಡಿಯ ಚಿಪ್ಪಿನೊಳಗಿನ ಹಳದಿ ಭಾಗ, ತಿನ್ನುವವರು ರುಚಿಯೆಂದು ಬಿಡದೆ ಹೀರುವ ಭಾಗ, ಅಂಥ ವಿಷ ಸೇರುವ ಜಾಗವೂ ಹೌದು. ರೋಗಿಗಳು ಕೂಲಿಗಳು, ಕೂಲಿಗಳು ಏಡಿ ತಿನ್ನುವವರು, ಏಡಿ ವಿಷದ ಗದ್ದೆಯದು: ಸರಪಳಿ ಸರಿಯಾಗಿ ಕೂತಂತೆ ಕಂಡಿತು. ಪತ್ರಿಕೆಗಳ ಮೂಲಕ ಈ ವಿವರಣೆ ಜನರಲ್ಲಿ ಎಷ್ಟು ಬೇರೂರಿತೆಂದರೆ ಇಂದಿಗೂ ಕಾಯಿಲೆಯ ಮಾತು ಬಂದರೆ ಏಡಿಯ ಮಾತೂ ಬರುತ್ತದೆ.

ಆದರೆ 1977ರ ಲೇಖನದ 'ಮಲೆನಾಡಿನ ಸ್ಥಾನಿಕ ಕೌಟುಂಬಿಕ ಸಂಧಿವಾತ' ಎಂಬ ಶೀರ್ಷಿಕೆಯಲ್ಲೇ ಎರಡು ದಾರಿಗಳು ಕೂಡಿದ್ದವು. 'ಸ್ಥಾನಿಕ' ಎಂಬುದು ನೆಲ, ನೀರು, ಊಟದತ್ತ ಬೆರಳು ಮಾಡಿದರೆ, 'ಕೌಟುಂಬಿಕ' ಎಂಬುದು ರಕ್ತಸಂಬಂಧದತ್ತ. ಈ ಎರಡರಲ್ಲಿ ಯಾವುದು ಸರಿಯೆಂದು ತಿಳಿಯಲು ಸರಳವಾದ ಒಂದು ಒರೆಗಲ್ಲು ಉಂಟು: ಸೊಸೆ. ಕಾಯಿಲೆ ಸಾರಿನ ಮಡಕೆಯಿಂದ ಬರುವುದಾದರೆ, ಕಾಯಿಲೆಯಿಲ್ಲದ ಮನೆಯಿಂದ ಮದುವೆಯಾಗಿ ಬಂದು ಅದೇ ಮಡಕೆಯಲ್ಲಿ ಉಂಡವಳಿಗೂ ಅದು ತಗಲಬೇಕು, ಅದೇ ಗದ್ದೆಯ ಏಡಿ ತಿಂದ ಬೇರೆ ಜಾತಿಯವರಿಗೂ ತಗಲಬೇಕು. ರಕ್ತದಿಂದ ಬರುವುದಾದರೆ ಸೊಸೆ ಉಳಿದುಕೊಳ್ಳುತ್ತಾಳೆ, ಅವಳ ಮಕ್ಕಳಲ್ಲಿ ಕೆಲವರು ಉಳಿದುಕೊಳ್ಳುವುದಿಲ್ಲ. ಮುಂದಿನ ಅಧ್ಯಯನಗಳಲ್ಲಿ ವಂಶವೃಕ್ಷಗಳು ಒಲಿದದ್ದು ಎರಡನೆಯ ಉತ್ತರಕ್ಕೆ.

ತಳಿಶಾಸ್ತ್ರದ ಉತ್ತರ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ಬಹುಶಾಖಾ ಅಧ್ಯಯನದ ಫಲವಾಗಿ ಎಸ್.ಎಸ್. ಅಗರ್‌ವಾಲ್, ಶುಭಾ ಫಡ್ಕೆ ಮತ್ತು ಸಂಗಡಿಗರು 1994ರಲ್ಲಿ 'ಸ್ಕೆಲಿಟಲ್ ರೇಡಿಯಾಲಜಿ' ಪತ್ರಿಕೆಯಲ್ಲಿ ಎಕ್ಸ್-ರೇ ಆಧಾರಿತ ಲೇಖನವನ್ನು ಪ್ರಕಟಿಸಿದರು. ಹಂದಿಗೋಡು ಕಾಯಿಲೆ ಬೆನ್ನಿನ ಮಣಿಗಳನ್ನೂ ಮೂಳೆತುದಿಗಳನ್ನೂ ಬಾಧಿಸುವ ಬೆಳವಣಿಗೆಯ ದೋಷಗಳ ಗುಂಪಿಗೆ ಸೇರಿದ ಹೊಸ ಬಗೆಯೆಂದೂ ಅದು ಪ್ರಬಲ ವಂಶವಾಹಿಯ ಮೂಲಕ ಇಳಿಯುತ್ತದೆಂದೂ ಅವರು ನಿರೂಪಿಸಿದರು. ಇಲ್ಲಿ 'ಪ್ರಬಲ' ಎಂದರೆ, ಜೋಡಿ ವಂಶವಾಹಿಗಳಲ್ಲಿ ಒಂದು ಕೆಟ್ಟಿದ್ದರೂ ಸಾಕು, ಕಾಯಿಲೆ ಪ್ರಕಟವಾಗುತ್ತದೆ. ತಂದೆ ಅಥವಾ ತಾಯಿಗೆ ಕಾಯಿಲೆಯಿದ್ದರೆ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಂಭವ ಅರ್ಧಕ್ಕರ್ಧ.

ಜನಪ್ರಿಯ ಬರಹಗಳಲ್ಲಿ ಕಾಣುವ ಒಂದು ತಪ್ಪನ್ನು ಇಲ್ಲಿ ತಿದ್ದಬೇಕು. ಸೋದರಮಾವ, ಅತ್ತೆಮಗಳಂಥ ಹತ್ತಿರದ ಸಂಬಂಧದ ಮದುವೆಗಳೇ ಈ ಕಾಯಿಲೆಗೆ ಕಾರಣವೆಂದು ಹೇಳುವುದುಂಟು. ಆ ತರ್ಕ ಹೊಂದುವುದು ಸುಪ್ತ ವಂಶವಾಹಿಯ ಕಾಯಿಲೆಗಳಿಗೆ. ಅವುಗಳಲ್ಲಿ ತಂದೆತಾಯಿ ಇಬ್ಬರಿಂದಲೂ ದೋಷ ಬರಬೇಕು. ಪ್ರಬಲ ಕಾಯಿಲೆ ಇಳಿಯಲು ನೆಂಟಸ್ತಿಕೆಯ ಮದುವೆ ಬೇಕಿಲ್ಲ. ಸಮುದಾಯದೊಳಗೇ ಮದುವೆಯಾಗುವ ರೂಢಿ ದೋಷವನ್ನು ಆ ಸಮುದಾಯದೊಳಗೇ ಉಳಿಸಿರಬಹುದು; ಕಾಯಿಲೆಯಿರುವ ಇಬ್ಬರು ಮದುವೆಯಾದಾಗ ಕೆಲವು ಮಕ್ಕಳಿಗೆ ಎರಡೂ ಕೆಟ್ಟ ಪ್ರತಿಗಳು ಬರುವ ಸಂಭವವೂ ಇದೆ.

ಆನುವಂಶಿಕ ಕಾಯಿಲೆಯೊಂದು 1970ರ ದಶಕದಲ್ಲಿ ಏಕಾಏಕಿ ಕಾಣಿಸಿಕೊಂಡಂತೆ ತೋರಿದ್ದೇಕೆ ಎಂಬುದು ಆಹಾರವಾದಿಗಳ ಬಲವಾದ ಪ್ರಶ್ನೆಯಾಗಿತ್ತು. ಅದಕ್ಕೆ ಒಂದು ಉತ್ತರ ಹೀಗಿರಬಹುದು: ಮಲೇರಿಯಾ ಪೀಡಿತ ಮಲೆನಾಡಿನಲ್ಲಿ ಮಕ್ಕಳು ಉಳಿಯುವುದೇ ಕಷ್ಟವಾಗಿತ್ತು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದ ಅನಂತರ ಕುಟುಂಬಗಳು ಬೆಳೆದು, ಅಲ್ಲೊಂದು ಇಲ್ಲೊಂದು ಇದ್ದ ಕುಂಟರು ಎಣಿಕೆಗೆ ಸಿಗುವಷ್ಟಾಗಿರಬಹುದು. ದಲಿತ ಕೇರಿಗೆ ವೈದ್ಯರು ಕಾಲಿಟ್ಟದ್ದೂ ಆ ಹೊತ್ತಿಗೇ. ಇದು ಊಹೆಯ ಮಟ್ಟದ ವಿವರಣೆ.

ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು ಅನಂತರ ರೋಗಿಗಳ ಮೂತ್ರದಲ್ಲಿ ಹೈಡ್ರಾಕ್ಸಿಪ್ರೋಲಿನ್ ಮುಂತಾದವನ್ನು ಅಳೆದು, ಮೃದ್ವಸ್ಥಿ ಮತ್ತು ಮೂಳೆಯ ಹಂದರವಾದ ಕೊಲಾಜನ್ ಪ್ರೋಟೀನಿನ ಒಡೆತವನ್ನು ಪರಿಶೀಲಿಸಿದ್ದಾರೆ.

ಹೋಲಿಕೆಗಳು

ದಕ್ಷಿಣ ಆಫ್ರಿಕಾದ ಜುಲುಲ್ಯಾಂಡಿನ ಮಸೆಲೇನಿ ಪ್ರದೇಶದ ಕೀಲುರೋಗ 1970ರಲ್ಲಿ ವರದಿಯಾಯಿತು. ಅದೂ ಮೂಲೆಯ ಊರುಗಳ ಬಡವರಲ್ಲಿ, ಸೊಂಟದ ಕೀಲಿನಿಂದ ಕಾಡುವ ಕಾಯಿಲೆ. ಅಗರ್‌ವಾಲ್, ಫಡ್ಕೆ ಮತ್ತು ದಕ್ಷಿಣ ಆಫ್ರಿಕಾದ ತಳಿತಜ್ಞ ಪೀಟರ್ ಬೈಟನ್ ಮೊದಲಾದವರು 1997ರಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಪರಿಶೀಲಿಸಿದರು. ಸೈಬೀರಿಯಾದ ಪೂರ್ವಭಾಗ, ಚೀನಾ ಮತ್ತು ಟಿಬೆಟ್‌ಗಳ ಕಾಶಿನ್-ಬೆಕ್ ಕಾಯಿಲೆ ಇನ್ನೊಂದು ಉದಾಹರಣೆ. ಅಲ್ಲಿಯೂ ಎಳೆಯರ ಕೀಲುಗಳು ಕೆಡುತ್ತವೆ. ಆದರೆ ಅಲ್ಲಿನ ಪ್ರಮುಖ ಶಂಕೆಗಳು ಸೆಲೆನಿಯಂ ಕೊರತೆ ಮತ್ತು ಧಾನ್ಯದ ಬೂಷ್ಟಿನ ವಿಷ. ಒಂದೇ ಬಗೆಯ ಸವೆದ ಕೀಲಿಗೆ ಒಂದು ಕಡೆ ಊಟ, ಇನ್ನೊಂದು ಕಡೆ ವಂಶ ಕಾರಣವಾಗಬಲ್ಲದು. ಹಂದಿಗೋಡಿನಲ್ಲಿ ತಟ್ಟೆಯನ್ನು ಪರೀಕ್ಷಿಸಿದ್ದು ತಪ್ಪಾಗಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಚಿಕಿತ್ಸೆ

ಮೂಲದಿಂದ ಗುಣಪಡಿಸುವ ಮದ್ದಿಲ್ಲ. ನೋವುನಿವಾರಕ, ವ್ಯಾಯಾಮ ಚಿಕಿತ್ಸೆ, ಊರುಗೋಲು ರೂಢಿಯಲ್ಲಿವೆ. ಕೀಲು ಪೂರ್ತಿ ಸವೆದವರಿಗೆ ಸೊಂಟದ ಕೀಲು ಬದಲಿ ಶಸ್ತ್ರಚಿಕಿತ್ಸೆ ದಾರಿ; ಕೂಲಿಯವರಿಗೆ ಅದು ಸರ್ಕಾರದ ನೆರವಿಲ್ಲದೆ ದಕ್ಕುವುದಿಲ್ಲ. ಮದುವೆಗೆ ಮುನ್ನ ಅಪಾಯದ ಪ್ರಮಾಣವನ್ನು ತಿಳಿಸಿಹೇಳುವ ತಳಿ ಸಲಹೆಗೆ ಮಹತ್ವವಿದೆ, ಆದರೆ ಅದು ಒಂದು ಕೇರಿಯ ಹೆಣ್ಣುಗಂಡುಗಳಿಗೆ ಕಳಂಕ ಹಚ್ಚದ ರೀತಿಯಲ್ಲಿ ನಡೆಯಬೇಕು.

ಮೌಲ್ಯಮಾಪನ

ಏಡಿಯ ವಾದ ಬಿದ್ದುಹೋದದ್ದನ್ನು ಆಹಾರ ವಿಷವಿಜ್ಞಾನದ ಸೋಲೆಂದು ಓದುವ ವಾಡಿಕೆಯಿದೆ. ಅದು ಸರಿಯಲ್ಲ. ಅಧ್ಯಯನಗಳು ಉತ್ತರಿಸಿದ್ದು ಕೀಲು ಕೆಡುವುದೇಕೆ ಎಂಬ ಪ್ರಶ್ನೆಗೆ; ಕೀಟನಾಶಕ ಬಿದ್ದ ಗದ್ದೆಯ ಏಡಿ, ಮೀನು ತಿನ್ನುವವರ ಮೈಗೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಹಂದಿಗೋಡು ಕಾಯಿಲೆಗೆ ಏಡಿ ಕಾರಣವಲ್ಲ. ಅಷ್ಟರಿಂದಲೇ ಆ ಏಡಿ ತಿನ್ನಲು ಯೋಗ್ಯವೆಂದು ಹೇಳಲಾಗದು.